ಬೀರಯ್ಯನ ನೂರ ಅರವತ್ತು

ಶೀಳನೆರೆಯ ಬೀರಯ್ಯನಿಗೆ ತಮ್ಮ ತಿಮ್ಮೇಶನ ಗದ್ದೆಯ ಮೇಲಲ್ಲ, ಅವನ ಬಿ.ಪಿ.ಯ ಮೇಲೆ ಹೊಟ್ಟೆಕಿಚ್ಚು. ಊರಿನ ಆರೋಗ್ಯ ಕೇಂದ್ರದ ತಿಂಗಳ ತಪಾಸಣೆಯಲ್ಲಿ ಮೇಲಿನ ಅಂಕಿ ತಮ್ಮನಿಗೆ ಸದಾ ನೂರಿಪ್ಪತ್ತು, ಇವನಿಗೆ ನೂರ ಅರವತ್ತು. ಹಿಂದಿನ ದಿನವೇ ಉಪ್ಪಿನಕಾಯಿ ಬಿಟ್ಟು, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬರುತ್ತಾನೆ. ಎಡಗೈ ಸೋತರೆ ಬಲಗೈ ಒಡ್ಡುತ್ತಾನೆ. "ನಿನ್ ಮಿಷನ್ನು ಅವನ್ ಕಡೀಕೈತೆ ಕಣವ್ವ," ಎಂದು ನರ್ಸ್ ಮಮತಳನ್ನು ದೂರುತ್ತಾನೆ. "ಡಾಕ್ಟ್ರು ಬರೆದಿದ್ ಮಾತ್ರೆ ಅವ್ನು ದಿನಾ ನುಂಗ್ತಾನೆ ಕಣಣ್ಣ, ನಿಂಗೂ ಅದನ್ನೇ ಬರೆದವ್ರಲ್ವಾ," ಎಂದು ಅವಳೆಂದರೆ, "ಮಾತ್ರೆ ನುಂಗಿ ಗೆಲ್ಲೋದು ಕಳ್ಳಾಟ," ಎಂದು ಎದ್ದುಬಿಡುತ್ತಾನೆ. ಈ ಸಲ ತಿಮ್ಮೇಶ ಅವನ ತೋಳು ಹಿಡಿದು ಕೂರಿಸಿದ. "ಅಪ್ಪ ಎದೆ ಹಿಡ್ಕಂಡು ಸತ್ತಾಗ ನಲವತ್ತೊಂಬತ್ತು ಕಣಣ್ಣ. ನಿಂಗೀಗ ಅಷ್ಟೇಯ." ಹಿಡಿದ ತೋಳನ್ನು ತಮ್ಮ ಬಿಡಲಿಲ್ಲ. ಬೀರಯ್ಯ ಏಳುವ ಆಸೆ ಬಿಟ್ಟು ಕೂತ. ಆಮೇಲೆ ಮಮತಳಿಗೆ, "ನುಂಗ್ತೀನಿ ಬುಡವ್ವ. ಆದ್ರೆ ಇವನ್ ಮಾತ್ರೆ ಬ್ಯಾಡ, ಡಾಕ್ಟ್ರಿಗೇಳಿ ಬ್ಯಾರೆ ಬರೆಸು," ಎಂದ.