ದೊಡ್ಡವ್ವ ಮನೆ ಮಾರಿದ್ದು

ಹೋದ ವಾರ ಎದುರು ಮನೆಯವರು ಮಳೆ ಸೋರದ ಹಾಗೆ ಮಾಳಿಗೆಗೆ ಕರಲು ಮಣ್ಣು ಹೊದಿಸುತ್ತಿದ್ದರು. ನೀರು ಬಿದ್ದೊಡನೆ ಅದರ ಉಪ್ಪುಪ್ಪಾದ ವಾಸನೆ ಬೀದಿ ತುಂಬಿತು. ಜಗಲಿಯಲ್ಲಿ ಕೂತಿದ್ದ ನನ್ನ ಕಣ್ಣ ಮುಂದೆ ಪಕ್ಕದ ಮನೆಯ ದೊಡ್ಡವ್ವ ಬಂದು ನಿಂತಳು... ಮಳೆಗಾಲಕ್ಕೆ ಮುಂಚೆ ಸೆರಗು ಬಿಗಿದು, ತನ್ನ ಮಾಳಿಗೆಯ ಮಣ್ಣನ್ನು ತಾನೇ ಬಡಿದು ಗಟ್ಟಿ ಮಾಡುತ್ತಿದ್ದ ದೊಡ್ಡವ್ವ.

ಈ ಇಪ್ಪತ್ತನೇ ಶತಮಾನ ಇನ್ನೂ ಎಳೆಯದಾಗಿದ್ದ ಕಾಲವದು. ನಾನು ಕೊಂಡ್ಲಹಳ್ಳಿಯಿಂದ ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಹೊಸತು. ಅವ್ವನ ನೆನಪಾದಾಗೆಲ್ಲ ಒಲೆಗೆ ಕೆಂಡ ತರುವ ನೆಪ ಹೂಡಿ ದೊಡ್ಡವ್ವನ ಮನೆಗೆ ಓಡುತ್ತಿದ್ದೆ. ಆಕೆಯ ಗಂಡ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದರೆ, ಆಕೆ ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಮರುವರ್ಷವೇ ಆತ ತೀರಿಕೊಂಡ. ಮಗ್ಗ ನಿಂತಿತು. ದೊಡ್ಡವ್ವ ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಒಬ್ಬಳೇ ಬದುಕಿದಳು.

ಆಮೇಲೆ ಚಳ್ಳಕೆರೆಯಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಹೆಣ್ಣು ಕೂಸು ಉಳಿದಿತ್ತು. ಅಳಿಯ ಒಳ್ಳೆಯವನೇ. ಆದರೆ ಕೂಸನ್ನು ಕಣ್ಣಿಂದ ದೂರ ಕಳಿಸಲು ಅವನ ಜೀವ ಒಪ್ಪಲಿಲ್ಲ. ದೊಡ್ಡವ್ವನೇ ಹೋಗಬೇಕಾಯಿತು.

"ಬೀಗ ಹಾಕ್ಕೊಂಡು ಹೋಗ್ರಿ, ಮಾರೋದ್ಯಾಕೆ?" ಎಂದಳು ನಮ್ಮತ್ತೆ.

"ಬೀಗ ಮಾಳಿಗೆ ಹತ್ತಿ ಮಣ್ಣು ಹಾಕ್ತೈತೇನವ್ವಾ? ಎರಡು ಮಳೆಗೆ ಕುಸೀತೈತೆ. ಮನೆ ಬಿತ್ತು ಅಂತ ಕೇಳೋಕಿಂತ, ಯಾರೋ ಬಾಳ್ತಾ ಅವ್ರೆ ಅಂತ ಕೇಳೋದು ವಾಸಿ."

ಗಡಿಯಾಚೆಯಿಂದ ಬಂದ ತೆಲುಗು ಮಾತಿನ ನೇಕಾರ ದಂಪತಿ ಮನೆ ಕೊಂಡರು. ಹೊರಡುವ ದಿನ ದೊಡ್ಡವ್ವ ನೆಲ ಸಾರಿಸಿದಳು, ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟಳು. ಬರುವವರಿಗೆ ಒಲೆ ತಣ್ಣಗಿರಬಾರದೆಂದು ಕೆಂಡಕ್ಕೆ ಬೂದಿ ಮುಚ್ಚಿಟ್ಟಳು. ಕಣ್ಣಲ್ಲಿ ಹನಿಯಿರಲಿಲ್ಲ. ಗಾಡಿಯವನು ಕೂಗಿ ಕೂಗಿ ಸಾಕಾದಾಗ ನಾನು ಒಳಗೆ ಹೋಗಿ ನೋಡಿದೆ. ಯಾವತ್ತೂ ಕೂರದಿದ್ದ ಗಂಡನ ಜಾಗದಲ್ಲಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ಅವರ ಹಿಮ್ಮಡಿ ಊರಿ ಊರಿ ಇಲ್ಲಿ ನೆಲ ತಗ್ಗಾಗೈತೆ ಕಣೇ. ನನ್ನ ಕಾಲಿಗೆ ಸಿಗ್ತಾ ಐತೆ... ಗೋಡೆ ಮಾರ್ದೆ, ಬಾಗ್ಲು ಮಾರ್ದೆ. ಇದನ್ನ ಹೆಂಗೆ ಮಾರ್ಲಿ?"

ನಾನು ಪಕ್ಕದಲ್ಲಿ ಕೂತೆ. ಆಕೆ ನನ್ನ ತೋಳು ಹಿಡಿದು ಸದ್ದಿಲ್ಲದೆ ಅತ್ತಳು, ಆಮೇಲೆ ತಾನೇ ಎದ್ದು ಗಾಡಿ ಹತ್ತಿದಳು.

ವರ್ಷದ ಮೇಲೆ ಯಾರದೋ ಮದುವೆಗೆಂದು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ನಾನು ಜಗಲಿಯಲ್ಲಿದ್ದೆ. ನನ್ನತ್ತ ನಕ್ಕು, ಮಾತಾಡುತ್ತಲೇ ಪಕ್ಕದ ಬಾಗಿಲು ತಳ್ಳಿ ಸೀದಾ ಅಡುಗೆಮನೆಗೆ ನಡೆದಳು. ಗಾಬರಿಯಾಗಿ ಹಿಂದೆ ಓಡಿದೆ. ಗಡಿಗೆಯಿಂದ ನೀರು ಮೊಗೆದು ತಂಬಿಗೆ ಬಾಯಿಗೆತ್ತಿದ್ದಳು. ರೊಟ್ಟಿ ತಟ್ಟುತ್ತಿದ್ದ ಮನೆಯಾಕೆ ಕೈ ತಡೆದು ನೋಡುತ್ತಿದ್ದಳು. ದೊಡ್ಡವ್ವನಿಗೆ ಆಗ ಎಚ್ಚರವಾಯಿತು. ತಂಬಿಗೆ ಕೆಳಗಿಟ್ಟಳು.

"ತಪ್ಪಾತವ್ವಾ... ಕಾಲು ತಾವೇ ಬಂದ್ಬಿಟ್ವು."

ಮನೆಯಾಕೆ ಹಿಟ್ಟಿನ ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು. "ರಾ ಪೆದ್ದಮ್ಮಾ, ಕೂಚೋ," ಎಂದು ತೆಲುಗಲ್ಲಿ ಕೂರಲು ಹೇಳಿ, ಮಣೆ ಹಾಕಿ ಬಿಸಿ ರೊಟ್ಟಿ ಬಡಿಸಿದಳು. ದೊಡ್ಡವ್ವ ಅತಿಥಿಯ ಹಾಗೆ ಮುದುಡಿ ಕೂತು ಅರ್ಧ ರೊಟ್ಟಿ ತಿಂದಳು. ಪಡಸಾಲೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಅತ್ತ ತಿರುಗಿ ನೋಡಲಿಲ್ಲ.

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಒಲೆ ಉರೀತೈತೆ, ಮಗ್ಗ ಆಡ್ತೈತೆ. ನಾನಿಲ್ದೇನೂ ಎಲ್ಲಾ ನಡೀತೈತೆ ಕಣೇ. ಸಂಕಟಾನೂ ಅದೇ, ಸಮಾಧಾನಾನೂ ಅದೇ," ಎಂದಳು.

ಮತ್ತೆ ಈ ಊರಿಗೆ ಆಕೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ತೀರಿಕೊಂಡಳೆಂದು ಚಳ್ಳಕೆರೆ ಕಡೆಯ ಗಾಡಿಯವನೊಬ್ಬ ಹೇಳಿದ...

ಮೊನ್ನೆ ನಡುವಯಸ್ಸಿನ ಹೆಂಗಸೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು ಕಾಲಿಗೆರಗಿದಳು. ಆ ಕೂಸೇ ಅವಳು. ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದಳು.

"ನಮ್ಮಜ್ಜಿ ಈ ಬೀದೀಲಿ ಬಾಡಿಗೆಗಿದ್ರಂತಲ್ರೀ? 'ನಂದೇನಿತ್ತೇ ಅಲ್ಲಿ, ಯಾರದೋ ಮನೆ' ಅಂತಿದ್ರು. ಅದ್ಯಾವ ಮನೇರಿ?"

ತನಗಾಗಿ ಅಜ್ಜಿ ಮನೆ ಮಾರಿದಳೆಂಬ ಋಣ ಮೊಮ್ಮಗಳ ಮೇಲೆ ಬೀಳಬಾರದೆಂದು ದೊಡ್ಡವ್ವ ಸಾಯುವವರೆಗೂ ಹೀಗೆಯೇ ಹೇಳಿಕೊಂಡು ಬಂದಿದ್ದಳು. ಪಕ್ಕದ ಬಾಗಿಲಿನ ಕಡೆ ಕೈ ತೋರಿಸಿದೆ.

"ಹೂನವ್ವಾ, ಬಾಡಿಗೆಗೇ ಇದ್ರು," ಎಂದೆ.

ಅವಳು ಬೀದಿಯಲ್ಲೇ ನಿಂತು ಒಂದು ಗಳಿಗೆ ನೋಡಿದಳು. "ಮನೆ ಚೆಂದೈತೆ," ಎಂದವಳೇ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅದು ದೊಡ್ಡವ್ವನ ಸ್ವಂತ ಮನೆಯಾಗಿತ್ತೆಂದು ಬಲ್ಲವರು ಈ ಬೀದಿಯಲ್ಲಿ ಈಗ ನಾನೊಬ್ಬಳೇ.