ಮುನಿಯಮ್ಮಕ್ಕನ ಹರಕೆಯ ಪೊಂಗಲ್

“ಅದನ್ನ ಒಳಗೆ ತರಬೇಡಮ್ಮ, ವಿಗ್ರಹಕ್ಕೆ ಇಟ್ಟದ್ದು!” ಎಂದು ಪಾಸ್ಟರ್ ಕೂಗಿದ್ದಕ್ಕೆ ಪಕ್ಕದ ಮನೆಯ ಮುನಿಯಮ್ಮಕ್ಕ ಪೊಂಗಲ್ ಪಾತ್ರೆ ಹಿಡಿದುಕೊಂಡು ನಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಕೆಜಿಎಫ್ ಗಣಿಯಲ್ಲಿ ಬಂಡೆ ಸಿಡಿದು ಒಳಗೆ ಸಿಕ್ಕಿಕೊಂಡಿದ್ದ ನನ್ನ ಅಪ್ಪ ಜೀವಸಹಿತ ಮೇಲೆ ಬಂದಿದ್ದರು. ಅದಕ್ಕೆಂದೇ ಆ ದಿನ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಿದ್ದೆವು.

“ಅಣ್ಣ ಮೇಲಕ್ ಬಂದ್ರೆ ಪೊಂಗಲ್ ಇಕ್ತೀನಿ ಅಂತ ಮಾರಮ್ಮಂಗೆ ಏಳ್ಕೊಂಡಿದ್ದೆ ಕಣಕ್ಕಾ. ಒಂದ್ ತುತ್ತು ತಿನ್ಲಿ” ಎಂದು ಅವರು ಅಮ್ಮನನ್ನು ಬೇಡಿದರು. ಅಮ್ಮ ಪಾಸ್ಟರ್ ಮುಖ ನೋಡಿದಳು. ಅವರು ಬೈಬಲ್ ಎತ್ತಿ ಹಿಡಿದು, ಕಾಪಾಡಿದ್ದು ನಮ್ಮ ದೇವರು ಮಾತ್ರ, ಕಲ್ಲಿಗೆ ಕಿವಿಯಿಲ್ಲ ಎಂದರು. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಪ್ಪ ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಗಟ್ಟಿ ವಾದಗಳನ್ನು ಕೆಡವಿದ್ದೆ. “ಅಪ್ಪನ ಜೊತೆ ಸಿಕ್ಕಿಕೊಂಡ ಜೋಸೆಫ್ ಮಾಮ ಸತ್ತರಲ್ಲ, ಅವರಿಗೂ ನೀವೇ ತಾನೇ ಪ್ರಾರ್ಥನೆ ಮಾಡಿದ್ದು? ಆಗ ನಮ್ಮ ದೇವರ ಕಿವಿ ಎಲ್ಲಿತ್ತು?” ಎಂದೆ. “ಅದು ದೇವರ ಚಿತ್ತ” ಎಂದರು ಪಾಸ್ಟರ್. ಬದುಕಿದರೆ ನಮ್ಮ ಪ್ರಾರ್ಥನೆ, ಸತ್ತರೆ ದೇವರ ಚಿತ್ತ! ಸೋಲಲು ಜಾಗವೇ ಇಲ್ಲದ ಇಂಥ ವಾದವನ್ನು ಯಾರು ಬೇಕಾದರೂ ಗೆಲ್ಲಬಹುದು. ನಾನು ತಿರುಗಿ ನೋಡುವಷ್ಟರಲ್ಲಿ ಮುನಿಯಮ್ಮಕ್ಕ ಪಾತ್ರೆಯ ಸಮೇತ ಹೊರಟುಹೋಗಿದ್ದರು.

ಅವರು ಕೊಡುವುದನ್ನೇನೂ ನಿಲ್ಲಿಸಿಲ್ಲ. ಆದರೆ ಸಾರು ತಂದರೂ ಸೊಪ್ಪು ತಂದರೂ ಬಾಗಿಲಾಚೆಯೇ ನಿಂತು, “ಇದು ಪೂಜೇದಲ್ಲ ಕಣಕ್ಕಾ” ಎಂದು ಹೇಳಿಯೇ ಕೊಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ.