ಮುರಿಯದ ಗೆರೆ

ಏಪ್ರಿಲ್ ೧೨, ಭಾನುವಾರ. ನಸುಕಿನಲ್ಲಿ ನಾಲ್ಕು ಹನಿ ಬಿದ್ದು ನಿಂತಿತು. ಆಮೇಲೆ ದಿನವಿಡೀ ಗಾಳಿಯಾಡದ ಧಗೆ.

ನಮ್ಮ ಬೀದಿಯ ಕೊನೆಯಲ್ಲಿ ಬೈಕ್ ರಿಪೇರಿ ಮಾಡುವವನನ್ನು ಎಲ್ಲರೂ ಗೆರೆ ಮೇಸ್ತ್ರಿ ಎನ್ನುತ್ತಾರೆ. ಬೋಲ್ಟು ಬಿಗಿದಾದ ಮೇಲೆ ನಟ್ಟಿನಿಂದ ಅದರ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಸಣ್ಣ ಗೆರೆಯೊಂದನ್ನು ಎಳೆಯುವುದು ಆತನ ಪದ್ಧತಿ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬಿಗಿದವರೇ ಗೆರೆ ಎಳೆಯಬೇಕು, ಇನ್ನೊಬ್ಬರು ಎಳೆಯಕೂಡದು ಎಂಬುದು ಆತನ ಕಟ್ಟಳೆ. ತಗಡಿನ ಒಂದೇ ಶೆಡ್ಡು, ನಡುವೆ ಒಂದು ಪರದೆ. ಈಚೆ ಬೈಕುಗಳು, ಆಚೆ ಆತನ ಹೆಂಡತಿಯ ಹೊಲಿಗೆ ಯಂತ್ರ. ಗ್ರೀಸಿನ ಕೈ ಪರದೆ ದಾಟಕೂಡದೆಂಬುದು ಆಕೆಯ ಕಟ್ಟಳೆ.

ಹದಿನೇಳನೆಯ ವಯಸ್ಸಿನಲ್ಲಿ ಬಸ್ ಡಿಪೋದಲ್ಲಿ ಬಿಡಿಭಾಗ ತೊಳೆಯುತ್ತ ಕೆಲಸ ಕಲಿತವನು. ಅಲ್ಲಿನ ಹಿರಿಯ ಮೆಕ್ಯಾನಿಕ್ ಇವನ ಕಣ್ಣಿಗೆ ಬಟ್ಟೆ ಕಟ್ಟಿ ಬೋಲ್ಟು ಬಿಗಿಸುತ್ತಿದ್ದರಂತೆ. ಬಿಗಿ ಸಾಕಾದಾಗ ಟಿಕ್ ಎಂದು ತಿಳಿಸುವ ಟಾರ್ಕ್ ಪಾನಾ ಒಂದನ್ನು ಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ಅದು ಟಿಕ್ ಅನ್ನೋ ಹೊತ್ತಿಗೆ ನನ್ನ ಮಣಿಕಟ್ಟು ಊಟ ಮಾಡಿ ಕೈ ತೊಳೆದಿರತ್ತೆ ಸಾರ್" ಎಂದಿದ್ದ. ಮೂವತ್ತೊಂದು ವರ್ಷದ ಕೆಲಸ ಆಡಿಸಿದ ಮಾತು ಅದು, ಒಣ ಜಂಬವಲ್ಲ.

ಈ ತಿಂಗಳ ನಾಲ್ಕರಂದು ಮಗಳ ಬೈಕನ್ನು ಆತನಿಗೆ ಕೊಟ್ಟಿದ್ದೆ. ರಸ್ತೆಯುಬ್ಬು ಹತ್ತಿಳಿದಾಗಲೆಲ್ಲ ಹಿಂದುಗಡೆ ಟಕ್ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ, ಹಿಂದಿನ ಎರಡೂ ಶಾಕ್‌ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟುಗಳು ಸವೆದು, ಉಗುರು ಕೂರುವಷ್ಟು ತಗ್ಗು ಬಿದ್ದಿತ್ತು. ಹೊಸ ಬೋಲ್ಟು, ಹೊಸ ನಟ್ಟು ಹಾಕಿ, ಗೆರೆ ಎಳೆದು ಕೊಟ್ಟ. ಮಗಳು ಆ ಬೈಕಿನಲ್ಲಿ ದಿನಕ್ಕೆ ಮೂವತ್ತಾರು ಕಿಲೋಮೀಟರ್ ಓಡಾಡುತ್ತಾಳೆ.

ನಿನ್ನೆ ಬಂದವಳೇ, "ಅಪ್ಪಾ, ಟಕ್ ಟಕ್ ಮತ್ತೆ ಶುರು" ಎಂದಳು. ಇಂದು ಬೆಳಿಗ್ಗೆ ಕುಳಿತು ನೋಡಿದೆ. ಎಡಗಡೆಯ ನಟ್ಟಿನ ವಾಷರಿನಡಿ ತೆಳು ಕಾಗದ ಸಲೀಸಾಗಿ ತೂರಿತು. ಬೈಕನ್ನು ಓಡಿಸದೆ, ತಳ್ಳಿಕೊಂಡೇ ಶೆಡ್ಡಿಗೆ ಹೋದೆ.

"ನಿಮ್ಮ ಮಗಳು ಗುಂಡಿ ಹುಡುಕಿ ಹುಡುಕಿ ಇಳಿಸ್ತಾಳೆ ಸಾರ್. ಇದಕ್ಕೆ ಶಾಕ್‌ಅಬ್ಸಾರ್ಬರ್ ಸಾಲಲ್ಲ, ಕೆಳಗೆ ಹಾಸಿಗೆ ಹಾಸಬೇಕು" ಎಂದು ನಗುತ್ತ ಮೇಸ್ತ್ರಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

ಆಮೇಲೆ ನಗು ನಿಂತಿತು. ಗೆರೆಯ ಮೇಲಿನ ಧೂಳು ಒರೆಸಿ, ಬಗ್ಗಿ ಇನ್ನೊಮ್ಮೆ ನೋಡಿದ.

"ಗೆರೆ ಮುರಿದಿಲ್ಲ."

"ಅದು ಒಳ್ಳೇದೇ ಅಲ್ವಾ ಮೇಸ್ತ್ರಿ?"

"ಅಲ್ಲ ಸಾರ್. ಓಡಿ ಓಡಿ ಸಡಿಲ ಆಗಿದ್ರೆ ನಟ್ಟು ತಿರುಗಿ ಗೆರೆ ಮುರೀಬೇಕಿತ್ತು. ಇದರೊಳಗೆ ನೈಲಾನ್ ಬಳೆ ಇದೆ, ಎಲ್ಲಿ ಬಿಟ್ಟರೆ ಅಲ್ಲೇ ಕಚ್ಕೊಂಡು ಕೂರತ್ತೆ. ನಾನು ಪೂರ್ತಿ ಬಿಗೀದೇನೇ ಗೆರೆ ಎಳೆದಿದ್ದೀನಿ."

ಪರದೆಯಾಚೆ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಈಚೆ ಬಂದಳು.

"ಹೇಳ್ರೀ, ಪೂರ್ತಿ ಹೇಳಿ. ಸಾರ್, ಹಲ್ಲುಜ್ಜೋ ಬ್ರಷ್ ಇವರ ಕೈಯಿಂದ ಬೀಳತ್ತೆ. ಕೇಳಿದ್ರೆ ಬ್ರಷ್ಷೇ ನುಣುಪು ಅಂತಾರೆ. ಅಂಗಿ ಗುಂಡಿ ಹಾಕ್ತಿರೋಳು ನಾನು."

"ಸುಮ್ನಿರೇ. ಜೋಮು ಅಷ್ಟೇ, ಮೂರು ವಾರ ಆಯ್ತು." ಆತ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ. "ಸಾಕು, ಬಿಗಿ ಆಯ್ತು ಅಂತ ಕೈ ಹೇಳ್ತು. ನಂಬಿದೆ."

ಮಾರ್ಚ್ ೨೮ರಂದು ಇದೇ ಶೆಡ್ಡಿನಲ್ಲಿ ಒಂದೇ ವಾಷರು ಆತನ ಕೈಯಿಂದ ಮೂರು ಸಲ ಬಿದ್ದದ್ದನ್ನು ಕಂಡಿದ್ದೆ. ಮನೆಗೆ ಬಂದು ಬರೆದಿಟ್ಟಿದ್ದೆ. ಕೇಳಿದರೆ ಆತನಿಗೆ ಬೇಸರವಾದೀತೆಂದು ಕೇಳಿರಲಿಲ್ಲ. ಮರುವಾರವೇ ಮಗಳ ಬೈಕನ್ನು ಅದೇ ಕೈಗೆ ಕೊಟ್ಟೆ.

ಶೆಡ್ಡಿನ ಕೆಲಸದ ಪುಸ್ತಕ ತೆರೆದು ನೋಡಿದಾಗ, ಆ ಮೂರು ವಾರಗಳಲ್ಲಿ ಚಕ್ರವನ್ನೋ ಶಾಕ್‌ಅಬ್ಸಾರ್ಬರನ್ನೋ ಬಿಚ್ಚಿ ಜೋಡಿಸಿದ ಇನ್ನೂ ಹದಿನಾಲ್ಕು ಗಾಡಿಗಳಿದ್ದವು. ಮೇಸ್ತ್ರಿ ಫೋನನ್ನು ಹೆಂಡತಿಯ ಕೈಗಿತ್ತ.

"ಉಚಿತ ತಪಾಸಣೆ ಅಂತ ಹೇಳಿ ಎಲ್ಲರನ್ನೂ ಕರಿ."

"ಉಚಿತ ಅಂದ್ರೆ ಮುಂದಿನ ವಾರ ಬರ್ತಾರೆ ರೀ. ಇವತ್ತೇ ಬರಬೇಕಲ್ಲ?"

ಆತ ಫೋನನ್ನು ಹಿಂದಕ್ಕೆ ಪಡೆದು, ತಾನೇ ಕರೆ ಮಾಡಿದ.

"ನಾನು ಗೆರೆ ಮೇಸ್ತ್ರಿ. ನಿಮ್ಮ ಗಾಡಿ ಮೇಲೆ ನಾನೆಳೆದ ಗೆರೆ ಇದೆಯಲ್ಲ, ಅದನ್ನ ನಂಬಬೇಡಿ. ಗಾಡಿ ತೆಗೀಬೇಡಿ. ನಾನೇ ಬರ್ತೀನಿ."

ಹದಿಮೂರು ಸಲ ಅದೇ ಮಾತು. ಹದಿನಾಲ್ಕನೆಯವನು ಕೊರಿಯರ್ ಹಂಚುವವನು. ಫೋನ್ ಎತ್ತಲಿಲ್ಲ.

ಬಿಡಿಭಾಗದ ಅಂಗಡಿಯಿಂದ ಟಾರ್ಕ್ ಪಾನಾ ಬಾಡಿಗೆಗೆ ತಂದೆ. ಮೊದಲು ನಮ್ಮ ಬೈಕು. ಆತ ಎಡಗೈಯಿಂದ ತೋರಿಸಿದ; ಪಾನಾ ಟಿಕ್ ಎನ್ನುವವರೆಗೆ ಎಳೆದವಳು ಹೆಂಡತಿ. ಬಳಿಕ ಆಕೆ ಬಣ್ಣದ ಬ್ರಷ್ಷನ್ನು ಆತನತ್ತ ಚಾಚಿದಳು. ಆತ ಮುಟ್ಟಲಿಲ್ಲ.

"ನೀನೇ ಎಳಿ. ಬಿಗಿದವರೇ ಎಳೀಬೇಕು."

ಹೊಲಿಗೆಯವಳ ಗೆರೆ, ನೆಟ್ಟಗಿತ್ತು.

ನನ್ನ ಕಾರಿನಲ್ಲಿ ಮೂವರೂ ಮನೆಯಿಂದ ಮನೆಗೆ ಹೋದೆವು. ಹದಿಮೂರರಲ್ಲಿ ಮೂರು ಗಾಡಿಗಳು ಸಡಿಲವಿದ್ದವು. ಪ್ರತಿ ಮನೆಯಿಂದ ಹೊರಟಾಗಲೂ ಮೇಸ್ತ್ರಿ ಕೊರಿಯರಿನವನಿಗೆ ಕರೆ ಮಾಡುತ್ತಿದ್ದ. ಐದಕ್ಕೆ ಕಾಲು ಗಂಟೆಯಿರುವಾಗ ಅವನೇ ಕರೆ ಮಾಡಿದ. ದಿನವಿಡೀ ಸುತ್ತಿ ಆಗಷ್ಟೇ ಮನೆ ಸೇರಿದ್ದನಂತೆ. ಹೋಗಿ ನೋಡಿದೆವು. ಮುಂದಿನ ಚಕ್ರದ ನಟ್ಟನ್ನು ಮೇಸ್ತ್ರಿಯ ಹೆಂಡತಿ ಬರೀ ಬೆರಳಲ್ಲಿ ತಿರುಗಿಸಿದಳು. ಅದರ ಮೇಲಿನ ಗೆರೆ ಆಗಲೇ ಮುರಿದಿತ್ತು.

ಕೊರಿಯರಿನವನು ಕೂಗಾಡಲಿಲ್ಲ. ಬೇರೆ ಯಾರಾದರೂ ಒಳ್ಳೆಯ ಮೇಸ್ತ್ರಿಯ ನಂಬರ್ ಇದೆಯೇ ಎಂದಷ್ಟೇ ಕೇಳಿದ. ಮೇಸ್ತ್ರಿ ಹತ್ತಂಕಿಗಳನ್ನು ಬಾಯಿಪಾಠವಾಗಿ, ನಿಧಾನವಾಗಿ ಹೇಳಿದ. ಅವನು ಬರೆದುಕೊಂಡನೋ ಎಂದು ನೋಡಿ, ಇನ್ನೊಮ್ಮೆ ಹೇಳಿದ.

ಹಿಂದಿರುಗುವಾಗ ಕಾರಿನಲ್ಲಿ ಹೆಂಡತಿ, "ನಾಳೆ ಬೆಳಿಗ್ಗೆ ಆಸ್ಪತ್ರೆಗೆ" ಎಂದಳು.

"ನಾಳೆ ಸೋಮವಾರ ಕಣೇ. ಗಾಡಿಗಳು ಬರ್ತವೆ."

"ಬರಲ್ಲ ರೀ."

ಇಳಿಯುವಾಗ ಆತ ಕಾರಿನ ಬಾಗಿಲನ್ನು ಎಡಗೈಯಿಂದ ತೆಗೆದ.

ಇಂದಿನ ಖರ್ಚು: ಪೆಟ್ರೋಲು ೪೦೦. ಪಾನಾದ ಬಾಡಿಗೆ ೧೫೦, ಮೇಸ್ತ್ರಿಯೇ ಕೊಟ್ಟ. ನಾಲ್ಕನೇ ತಾರೀಕಿನ ಮಜೂರಿ ೨೫೦ ಹಿಂದಿರುಗಿಸಿದ. ಬೇಡವೆನ್ನದೆ ತೆಗೆದುಕೊಂಡೆ.